ಇಷ್ಟೇ ಬೆಳಕು ಸಾಕು: ಗೋವಿಂದ ನಿಹಲಾನಿ ಮತ್ತು ನಮ್ಮ ಎಸ್‌ಜೆಪಿ

ಬೆಂಗಳೂರಿನ ಕೆ. ಆರ್. ಸರ್ಕಲ್ ಹತ್ತಿರ, ಶೇಷಾದ್ರಿ ರಸ್ತೆಯಲ್ಲಿರುವ ಎಸ್‌ಜೆ ಪಾಲಿಟೆಕ್ನಿಕ್, ಅಂದರೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ (ಎಸ್‌ಜೆಪಿ) ಮುಂದೆ ನೀವೆಲ್ಲ ಒಂದಲ್ಲ ಒಂದು ದಿನ ಹಾದು ಹೋಗಿರುತ್ತೀರಿ. ಬಸ್ಸಲ್ಲಿ ಕೂತು ಸಿಗ್ನಲ್ ಬಿಡೋದನ್ನೇ ಕಾಯ್ತಾ ಆ ಕಟ್ಟಡವನ್ನು ಸುಮ್ನೆ ನೋಡಿರುತ್ತೀರಿ. ಇವತ್ತಿನ ನನ್ನ ಕಥೆ ಆ ಗೇಟಿನ ಒಳಗೆ ಶುರುವಾಗುತ್ತದೆ.

1943ರಲ್ಲಿ ಅದು ಹುಟ್ಟಿದಾಗ ಹೆಸರು ಆಕ್ಯುಪೇಶನಲ್ ಇನ್‌ಸ್ಟಿಟ್ಯೂಟ್. ಓದಿದ ಹುಡುಗರಿಗೆ ಕೈಕಸುಬು ಬರಬೇಕು ಅನ್ನುವ ವಿಶ್ವೇಶ್ವರಯ್ಯನವರ ಹಂಬಲ ಅದರ ಹಿಂದೆ ಇತ್ತು. ಯಂತ್ರ, ವೈರಿಂಗು ಇಂಥ ಕೆಲಸಗಳ ಜೊತೆಗೆ ಅಲ್ಲಿ ಸಿನಿಮಾ ಕ್ಯಾಮರಾವನ್ನೂ ಕಲಿಸುತ್ತಿದ್ದರು. ಇದನ್ನು ಸ್ವಲ್ಪ ಯೋಚಿಸಿ ನೋಡಿ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಗಿದ್ದು 1960ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ ನಮ್ಮೂರಲ್ಲಿ, ಸರ್ಕಾರದ ಒಂದು ಪಾಲಿಟೆಕ್ನಿಕ್‌ನಲ್ಲಿ, ಲೆನ್ಸ್ ಅಂದರೇನು, ಬೆಳಕನ್ನು ಅಳೆಯೋದು ಹೇಗೆ ಅಂತ ಪಾಠ ನಡೆಯುತ್ತಿತ್ತು. ಆಮೇಲೆ ಆ ಕೋರ್ಸು ಹೆಸರಘಟ್ಟಕ್ಕೆ ಹೋಯಿತು. ಇವತ್ತು ಶೇಷಾದ್ರಿ ರಸ್ತೆಯಲ್ಲಿ ನಿಂತು ಇಲ್ಲಿ ಸಿನಿಮಾ ಕಲಿಸುತ್ತಿದ್ದರು ಅಂದರೆ ನಂಬುವವರು ಕಡಿಮೆ.

ಆ ತರಗತಿಯಿಂದ ಹೊರಬಂದ ಇಬ್ಬರ ಬಗ್ಗೆ ನಾನು ಮಾತಾಡಬೇಕು. ಒಬ್ಬರು ನಮ್ಮ ಮೈಸೂರಿನ ಕ್ಯಾಮರಾಮನ್ ವಿ. ಕೆ. ಮೂರ್ತಿ. ಇನ್ನೊಬ್ಬರು ಕ್ಯಾಮರಾಮನ್ ಆಗಿದ್ದು ಮುಂದೆ ಹಿಂದಿ ಚಿತ್ರಗಳ ನಿರ್ದೇಶಕರಾದ ಗೋವಿಂದ ನಿಹಲಾನಿ. ಇವತ್ತಿನ ವಿಷಯ ನಿಹಲಾನಿಯವರೇ. ಆದರೆ ಗುರುವನ್ನು ಬಿಟ್ಟು ಶಿಷ್ಯನ ಕಥೆ ಹೇಳೋಕೆ ಆಗಲ್ಲ.

ನಿಹಲಾನಿ ಹುಟ್ಟಿದ್ದು 1940ರಲ್ಲಿ, ಕರಾಚಿಯಲ್ಲಿ. ಸಿಂಧಿ ಮನೆತನ. 1947ರಲ್ಲಿ ದೇಶ ಎರಡಾದಾಗ ಅವರಿಗೆ ಏಳು ವರ್ಷ. ಮನೆಮಂದಿಯೆಲ್ಲ ಎದ್ದು ಬಂದು ರಾಜಸ್ಥಾನದ ಉದಯಪುರ ಸೇರಿದರು. ಏಳು ವರ್ಷ ಅಂದರೆ ನಮ್ಮ ಮಕ್ಕಳು ಎರಡನೇ ಕ್ಲಾಸಲ್ಲಿರುತ್ತಾರೆ. ಯಾಕೆ ಹೊರಟೆವು ಅಂತ ಅರ್ಥ ಆಗುವ ವಯಸ್ಸಲ್ಲ. ಆದರೆ ದೊಡ್ಡವರ ಮುಖದಲ್ಲಿರುವ ಹೆದರಿಕೆ ಮಾತ್ರ ಚೆನ್ನಾಗಿ ಕಾಣಿಸುವ ವಯಸ್ಸು. ಇದನ್ನು ನೆನಪಲ್ಲಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಇಲ್ಲಿಗೇ ಬರುತ್ತೇನೆ.

ಉದಯಪುರದ ಹುಡುಗ ಬೆಂಗಳೂರಿಗೆ ಬಂದು ಎಸ್‌ಜೆಪಿಯಲ್ಲಿ ಸಿನಿಮಾಟೋಗ್ರಫಿ ಕಲಿತು 1962ರಲ್ಲಿ ಮುಗಿಸಿದರು. ಅಲ್ಲಿಂದ ಮುಂಬೈಗೆ ಹೋಗಿ ಸೇರಿದ್ದು ಅದೇ ಸಂಸ್ಥೆಯಲ್ಲಿ ಓದಿದ್ದ ಮೂರ್ತಿಯವರ ಬಳಿ, ಅಸಿಸ್ಟೆಂಟ್ ಆಗಿ.

ಮೂರ್ತಿ ಆ ಹೊತ್ತಿಗಾಗಲೇ ದೊಡ್ಡ ಹೆಸರು. ಗುರುದತ್ ಅವರ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’, ‘ಸಾಹಿಬ್ ಬೀಬಿ ಔರ್ ಗುಲಾಮ್’ ಎಲ್ಲದರ ಕ್ಯಾಮರಾ ಅವರದೇ. 1959ರ ‘ಕಾಗಜ್ ಕೆ ಫೂಲ್’ ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ ಚಿತ್ರ. ಅದರಲ್ಲಿ ಒಂದು ಹಾಡಿದೆ. ಖಾಲಿ ಸ್ಟುಡಿಯೋ. ಮೇಲಿಂದ ಓರೆಯಾಗಿ ಇಳಿಯುವ ಬೆಳಕಿನ ಒಂದು ಕಂಬ. ಅದರಲ್ಲಿ ಧೂಳು ತೇಲುತ್ತಿರುತ್ತದೆ. ಆ ಬೆಳಕು ಯಾವ ಲೈಟಿನದೂ ಅಲ್ಲ, ಬಿಸಿಲು. ದೊಡ್ಡ ಕನ್ನಡಿಗಳನ್ನು ಹಿಡಿದು, ಹೊರಗಿನ ಬಿಸಿಲನ್ನು ಒಂದರಿಂದ ಇನ್ನೊಂದಕ್ಕೆ ತಾಗಿಸಿ, ಒಳಗೆ ಇಳಿಸಿದ್ದರು ಮೂರ್ತಿ. ನಮ್ಮ ಹಳೆಯ ತೊಟ್ಟಿಮನೆಗಳಲ್ಲಿ ಮಧ್ಯಾಹ್ನ ಗವಾಕ್ಷಿಯಿಂದ ಬಿಸಿಲುಕೋಲು ಇಳಿಯುತ್ತದಲ್ವಾ, ಹಾಗೆ. ಮೈಸೂರಲ್ಲಿ ಬೆಳೆದ ಹುಡುಗ ಅದನ್ನು ಎಲ್ಲಿ ನೋಡಿದ್ದಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇದು ಸ್ವಲ್ಪ ಪಕ್ಕದ ಮಾತು, ಆದರೂ ಹೇಳಿಬಿಡುತ್ತೇನೆ. ಮೂರ್ತಿಯವರು ಪಿಟೀಲು ಕಲಿತವರು. 1993ರಲ್ಲಿ ಬಂದ ಕನ್ನಡದ ‘ಹೂವು ಹಣ್ಣು’ ಚಿತ್ರಕ್ಕೆ ಕ್ಯಾಮರಾ ಹಿಡಿದವರು ಅವರೇ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಒಬ್ಬ ಛಾಯಾಗ್ರಾಹಕನಿಗೆ ಫಾಲ್ಕೆ ಸಿಕ್ಕಿದ್ದು ಅದೇ ಮೊದಲು. 2014ರಲ್ಲಿ ಇದೇ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಹೆಸರಿನ ಒಂದು ರಸ್ತೆಯೋ ಸರ್ಕಲ್ಲೋ ನಮ್ಮೂರಲ್ಲಿ ಇರಬೇಕು ಅನ್ನೋದು ನನ್ನ ಆಸೆ.

ಇಂಥವರ ಕೈಕೆಳಗೆ ಅಸಿಸ್ಟೆಂಟ್ ಆಗೋದು ಅಂದರೆ ಏನು? ಇಲ್ಲಿ ಕಿರಿಯರು ಜಾಸ್ತಿ ಇದ್ದೀರಿ, ಫೋನಲ್ಲಿ ಗಂಟೆಗಟ್ಟಲೆ ಶೂಟ್ ಮಾಡುವವರು. ನಿಮಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಗ ಕ್ಯಾಮರಾಗೆ ಫಿಲ್ಮ್ ತುಂಬಬೇಕಿತ್ತು. ಒಂದು ಕಿರಣ ಬಿದ್ದರೂ ಫಿಲ್ಮ್ ಹಾಳು. ಹಾಗಾಗಿ ಎರಡು ತೋಳಿರುವ ಒಂದು ಕಪ್ಪು ಚೀಲ ಇರುತ್ತಿತ್ತು. ಮ್ಯಾಗಜಿನ್ (ಕ್ಯಾಮರಾಗೆ ಫಿಲ್ಮ್ ತುಂಬುವ ಪೆಟ್ಟಿಗೆ), ಫಿಲ್ಮ್ ಡಬ್ಬ ಎರಡನ್ನೂ ಒಳಗಿಟ್ಟು ಜಿಪ್ ಎಳೆದು, ತೋಳುಗಳೊಳಗೆ ಮೊಣಕೈವರೆಗೆ ಕೈ ತೂರಿಸಬೇಕು. ಕಣ್ಣಿಗೆ ಏನೂ ಕಾಣಲ್ಲ. ಎಲ್ಲ ಬೆರಳ ತುದಿಯಲ್ಲೇ. ಫಿಲ್ಮಿನ ಅಂಚಿನ ತೂತುಗಳನ್ನು ತಡವಿ, ಹಲ್ಲಿಗೆ ಸಿಕ್ಕಿಸಿ, ಮುಚ್ಚಳ ಹಾಕಬೇಕು. ಬಿಸಿಲಲ್ಲಿ ಆ ಚೀಲದೊಳಗೆ ಕೈ ಬೆವತು ಜಾರುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ 400 ಅಡಿ ಫಿಲ್ಮಿಗೆ ಸಿಗುವುದು ನಾಲ್ಕೂವರೆ ನಿಮಿಷಕ್ಕಿಂತ ಒಂಚೂರು ಕಡಿಮೆ. ನಾಲ್ಕೂವರೆ ನಿಮಿಷ, ಅಷ್ಟೇ! ಯಾವುದನ್ನು ತೆಗೆಯಬೇಕು, ಯಾವುದು ಬೇಡ ಅನ್ನೋದು ಮೊದಲೇ ಮನಸ್ಸಿನಲ್ಲಿ ತೀರ್ಮಾನ ಆಗಿರಬೇಕಿತ್ತು.

ನಿಹಲಾನಿ ಈ ಶಿಸ್ತಿನಲ್ಲಿ ಬೆಳೆದವರು. ಮುಂದೆ ಅವರು ನಿರ್ದೇಶಕರಾದಾಗ ಅವರ ಚಿತ್ರಗಳಲ್ಲಿ ಬೇಡದ ಶಾಟ್ ಕಡಿಮೆ, ಬೇಡದ ಬೆಳಕು ಇನ್ನೂ ಕಡಿಮೆ. ಮುಖ್ಯವಾದದ್ದನ್ನು ಪಾತ್ರಗಳು ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ನಾವು ನೋಡಿ ತಿಳಿಯಬೇಕು. ನಾನಿವತ್ತು ಹೇಳಬೇಕು ಅಂತ ಬಂದಿರುವುದು ಇದೊಂದೇ. ಉಳಿದದ್ದೆಲ್ಲ ಇದಕ್ಕೆ ಉದಾಹರಣೆ.

1971ರಲ್ಲಿ ಸತ್ಯದೇವ ದುಬೆ ಅವರು ವಿಜಯ್ ತೆಂಡೂಲ್ಕರ್ ಅವರ ‘ಶಾಂತತಾ! ಕೋರ್ಟ್ ಚಾಲೂ ಆಹೆ’ ನಾಟಕವನ್ನು ಸಿನಿಮಾ ಮಾಡಿದರು. ಅದರ ಕ್ಯಾಮರಾ ನಿಹಲಾನಿಯವರದು. ಎರಡು ವರ್ಷದ ಮೇಲೆ, 1973ರಲ್ಲಿ, ಅವರು ಕನ್ನಡಕ್ಕೆ ಬಂದರು. ಗಿರೀಶ ಕಾರ್ನಾಡರ ‘ಕಾಡು’. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ. ಎರಡು ಹಳ್ಳಿಗಳ ಹಗೆಯನ್ನು ಕಿಟ್ಟಿ ಅನ್ನುವ ಪುಟ್ಟ ಹುಡುಗನ ಕಣ್ಣಿಂದ ನೋಡುವ ಕಥೆ. ಕಾಡಿನಲ್ಲಿ ಹೆಸರು ಹಿಡಿದು ಕರೆಯುವ ಒಂದು ಹಕ್ಕಿ ಇದೆ, ಓ ಅಂದರೆ ಸಾವು ಅಂತ ಆ ಹುಡುಗನಿಗೆ ಯಾರೋ ಹೇಳಿರುತ್ತಾರೆ. ದೊಡ್ಡವರ ಜಗಳದ ಕಾರಣ ಅವನಿಗೆ ಗೊತ್ತಿಲ್ಲ. ಭಯ ಮಾತ್ರ ಗೊತ್ತು. ಈ ಕಥೆಗೆ ಕ್ಯಾಮರಾ ಹಿಡಿದವರು ಏಳನೇ ವಯಸ್ಸಿನಲ್ಲಿ ಕರಾಚಿ ಬಿಟ್ಟು ಬಂದವರು ಅಂತ ತಿಳಿದ ಮೇಲೆ ನಾನು ಆ ಚಿತ್ರವನ್ನು ಇನ್ನೊಂದು ಸಲ ನೋಡಿದೆ. ಮೊದಲ ಸಲ ನೋಡಿದ ಚಿತ್ರ ಅದಾಗಿರಲಿಲ್ಲ.

1974ರಲ್ಲಿ ಶ್ಯಾಮ್ ಬೆನೆಗಲ್ ಅವರ ‘ಅಂಕುರ್’ ಬಂತು. ಬೆನೆಗಲ್ ಜಾಹೀರಾತು ಲೋಕದಿಂದ ಬಂದವರು, ಅಲ್ಲಿಂದಲೇ ಇಬ್ಬರಿಗೂ ಒಡನಾಟ. ಅಲ್ಲಿಂದ ಮುಂದಿನ ಏಳೆಂಟು ವರ್ಷ ಬೆನೆಗಲ್ ಅವರ ಕಣ್ಣು ಅಂದರೆ ನಿಹಲಾನಿ. ‘ನಿಶಾಂತ್’, ‘ಮಂಥನ್’, ‘ಭೂಮಿಕಾ’, ‘ಜುನೂನ್’, ‘ಕಲಿಯುಗ್’. ನಮ್ಮ ಅನಂತನಾಗ್ ಅವರು ಇವುಗಳಲ್ಲಿ ಹೆಚ್ಚಿನವುಗಳಲ್ಲಿ ಇದ್ದಾರೆ. ಅನಂತನಾಗ್ ಅವರ ಹರೆಯದ ಮುಖ ಹೇಗಿತ್ತು ಅಂತ ಕನ್ನಡಿಗರಿಗೆ ಬೇರೆ ಯಾರಾದರೂ ಹೇಳಬೇಕಾ? ಆದರೂ ‘ಅಂಕುರ್’ ನೋಡಿ. ತಪ್ಪು ಮಾಡಿದ ಒಬ್ಬ ಜಮೀನ್ದಾರನ ಮಗನ ಪುಕ್ಕಲುತನ ಆ ಮುಖದಲ್ಲಿ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ! ಕೊನೆಯ ದೃಶ್ಯದಲ್ಲಿ ಒಬ್ಬ ಚಿಕ್ಕ ಹುಡುಗ ಅವನ ಮನೆಯ ಕಿಟಕಿಗೆ ಕಲ್ಲು ಎಸೆದು ಓಡುತ್ತಾನೆ. ಗಾಜು ಒಡೆಯುತ್ತದೆ. ಪರದೆಯೆಲ್ಲ ಕೆಂಪಾಗುತ್ತದೆ. ಭಾಷಣ ಇಲ್ಲ, ಘೋಷಣೆ ಇಲ್ಲ. ಒಂದು ಕಲ್ಲು, ಒಂದು ಬಣ್ಣ.

‘ಮಂಥನ್’ ಬಗ್ಗೆ ನಿಮಗೆ ಗೊತ್ತೇ ಇದೆ. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ಮಾಡಿಸಿದ ಚಿತ್ರ. ಕಾರ್ನಾಡರು, ಅನಂತನಾಗ್ ಇಬ್ಬರೂ ಇದ್ದಾರೆ. 2024ರಲ್ಲಿ ಅದನ್ನು ಹೊಸದಾಗಿ ಶುದ್ಧ ಮಾಡಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ‘ಜುನೂನ್’ಗೆ ನಿಹಲಾನಿಯವರಿಗೆ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿಗೆ ಒಬ್ಬ ಕ್ಯಾಮರಾಮನ್ ಮುಟ್ಟಬಹುದಾದ ಎತ್ತರವನ್ನು ಅವರು ಮುಟ್ಟಿದ್ದರು.

ಹಾಗಿದ್ದ ಮೇಲೆ ನಿರ್ದೇಶನ ಯಾಕೆ? ಕ್ಯಾಮರಾಮನ್ ನಿರ್ದೇಶಕ ಆದರೆ ನಮ್ಮ ಗಾಂಧಿನಗರದಲ್ಲಿ ಒಂದು ಮಾತಿದೆ: ಫ್ರೇಮ್ ಚೆನ್ನಾಗಿರುತ್ತೆ, ಕಥೆ ಇರಲ್ಲ ಅಂತ. ಎಷ್ಟೋ ಸಲ ಅದು ನಿಜವೂ ಆಗುತ್ತದೆ. ಬೆಟ್ಟ, ಮಂಜು, ಸೂರ್ಯಾಸ್ತ ಎಲ್ಲ ಇರುತ್ತದೆ, ಮನುಷ್ಯ ಇರುವುದಿಲ್ಲ. ನಿಹಲಾನಿ ತಮ್ಮ ಮೊದಲ ಚಿತ್ರದಲ್ಲೇ ಈ ಮಾತನ್ನು ಸುಳ್ಳು ಮಾಡಿದರು.

1980ರ ‘ಆಕ್ರೋಶ್’. ಕಥೆ, ಚಿತ್ರಕಥೆ ತೆಂಡೂಲ್ಕರ್ ಅವರದು. ನಿರ್ದೇಶನವೂ ಕ್ಯಾಮರಾವೂ ನಿಹಲಾನಿಯವರದೇ. ಲಹಾನ್ಯಾ ಭಿಕೂ ಅನ್ನುವ ಆದಿವಾಸಿ ಕೂಲಿಯ ಮೇಲೆ ಹೆಂಡತಿಯನ್ನು ಕೊಂದ ಆರೋಪ. ಓಂ ಪುರಿ ಆ ಪಾತ್ರ. ಅವನ ಪರ ವಾದಿಸಲು ಸರ್ಕಾರವೇ ಗೊತ್ತುಮಾಡಿದ ಎಳೆಯ ವಕೀಲ ನಸೀರುದ್ದೀನ್ ಶಾ. ವಕೀಲ ಕೇಳುತ್ತಾನೆ, ಬೇಡಿಕೊಳ್ಳುತ್ತಾನೆ, ಬೈಯುತ್ತಾನೆ. ಲಹಾನ್ಯಾ ಒಂದು ಮಾತೂ ಆಡುವುದಿಲ್ಲ. ಹಳೆಯ ನೆನಪಿನ ದೃಶ್ಯಗಳನ್ನು ಬಿಟ್ಟರೆ ಚಿತ್ರದುದ್ದಕ್ಕೂ ಅವನು ಮೂಕನ ಹಾಗೆ ಇರುತ್ತಾನೆ.

ಇದು ಎಷ್ಟು ದೊಡ್ಡ ಸಾಹಸ ಅಂತ ಯೋಚಿಸಿ. ಮೊದಲ ಸಿನಿಮಾ. ಕಥೆಯ ನಡುವೆ ಇರುವ ಮನುಷ್ಯನಿಗೆ ಸಂಭಾಷಣೆಯೇ ಇಲ್ಲ! ಬರಹದಿಂದ ಬಂದ ನಿರ್ದೇಶಕನಾಗಿದ್ದರೆ ಎಲ್ಲೋ ಒಂದು ಕಡೆ ಅವನ ಬಾಯಿ ಬಿಡಿಸುತ್ತಿದ್ದ ಅನ್ನಿಸುತ್ತದೆ ನನಗೆ. ಕೋರ್ಟಿನಲ್ಲಿ ಒಂದು ಒಳ್ಳೆಯ ಭಾಷಣ ಹೊಡೆಸುತ್ತಿದ್ದ. ಮುಖವನ್ನು ಓದಲು ಕಲಿತ ಕ್ಯಾಮರಾಮನ್‌ಗೆ ಮಾತ್ರ ಇಷ್ಟು ಧೈರ್ಯ. ಓಂ ಪುರಿಯವರ ಮುಖ ನೆನಪಿಸಿಕೊಳ್ಳಿ. ಸಿಡುಬಿನ ಕಲೆಯ, ಗೆರೆಗೆರೆಯಾದ ಮುಖ. ಎದುರಿನಿಂದ ಬೆಳಕು ಹಾಕಿದರೆ ಆ ಕಲೆಗಳೆಲ್ಲ ಮಾಸಿ ಹೋಗುತ್ತವೆ. ಪಕ್ಕದಿಂದ ಹಾಕಿದರೆ ಒಂದೊಂದು ಕಲೆಗೂ ಅದರದೇ ನೆರಳು ಬರುತ್ತದೆ. ಕಣ್ಣು ಮಾತ್ರ ಹೊಳೆಯುತ್ತದೆ. ಮನೆಗೆ ಹೋಗಿ ಕನ್ನಡಿ ಮುಂದೆ ಒಂದು ಟಾರ್ಚ್ ಹಿಡಿದು ನೋಡಿ, ನಿಮ್ಮ ಮುಖದಲ್ಲೇ ಗೊತ್ತಾಗುತ್ತದೆ. ಮೊದಲು ಎದುರಿಗೆ ಹಿಡಿಯಿರಿ, ಆಮೇಲೆ ಕಿವಿಯ ಪಕ್ಕ. ಇಬ್ಬರು ಬೇರೆ ಬೇರೆ ಮನುಷ್ಯರು ಕಾಣುತ್ತಾರೆ.

ಅವನು ಯಾಕೆ ಮಾತಾಡುವುದಿಲ್ಲ? ಹೆಂಡತಿಯ ಮೇಲೆ ಅತ್ಯಾಚಾರ ಮಾಡಿ ಕೊಂದವರು ಊರಿನ ದೊಡ್ಡ ಮನುಷ್ಯರು. ಹೇಳಿದರೆ ಕೇಳುವವರು ಯಾರು? ಅವರೇ ತಾನೆ? ಕೊನೆಯಲ್ಲಿ ತಂದೆಯ ಅಂತ್ಯಕ್ರಿಯೆಗೆ ಅವನನ್ನು ಪೊಲೀಸರು ಕರೆತರುತ್ತಾರೆ. ಅಲ್ಲಿ ತನ್ನ ತಂಗಿಯ ಮೇಲೂ ಅದೇ ಜನರ ಕಣ್ಣು ಬಿದ್ದಿರುವುದನ್ನು ಅವನು ನೋಡುತ್ತಾನೆ. ಕೊಡಲಿ ಕಿತ್ತುಕೊಂಡು ತಂಗಿಯನ್ನೇ ಕೊಲ್ಲುತ್ತಾನೆ. ಆಮೇಲೆ ಆಕಾಶಕ್ಕೆ ಮುಖವೆತ್ತಿ ಕಿರುಚುತ್ತಾನೆ. ಅಷ್ಟು ಹೊತ್ತು ತಡೆದಿಟ್ಟ ದನಿ ಅದು. ನಾನು ಅದನ್ನು ಮೊದಲ ಸಲ ನೋಡಿದ ರಾತ್ರಿ ಥಿಯೇಟರಿನಿಂದ ಮನೆವರೆಗೂ ನಡೆದೇ ಹೋದೆ. ಬಸ್ಸು ಹತ್ತಿ ಜನರ ನಡುವೆ ನಿಲ್ಲೋಕೆ ಆಗಲಿಲ್ಲ.

ಆ ಚಿತ್ರಕ್ಕೆ 1981ರ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅಲ್ಲಿನ ಅತ್ಯುನ್ನತ ಪ್ರಶಸ್ತಿ ಗೋಲ್ಡನ್ ಪೀಕಾಕ್ ಬಂತು.

‘ಅರ್ಧ ಸತ್ಯ’ 1983ರದು. ಅದನ್ನು ನೋಡದವರು ಇಲ್ಲಿ ಕಡಿಮೆ ಇರಬಹುದು. ಎಸ್. ಡಿ. ಪನ್ವಲ್ಕರ್ ಅವರ ಸಣ್ಣಕಥೆಯಿಂದ ತೆಂಡೂಲ್ಕರ್ ಬರೆದ ಚಿತ್ರಕಥೆ. ಮತ್ತೆ ಓಂ ಪುರಿ, ಈ ಸಲ ಪೊಲೀಸ್ ಸಬ್ ಇನ್‌ಸ್ಪೆಕ್ಟರ್. ನಾನು ಒಂದೇ ದೃಶ್ಯ ಹೇಳುತ್ತೇನೆ. ಹೋಟೆಲಿನಲ್ಲಿ ಎದುರಿಗೆ ಸ್ಮಿತಾ ಪಾಟೀಲ್ ಕೂತಿದ್ದಾರೆ. ಪುಸ್ತಕದಲ್ಲಿದ್ದ ದಿಲೀಪ್ ಚಿತ್ರೆಯವರ ಒಂದು ಕವಿತೆಯನ್ನು ಅವನು ಸುಮ್ನೆ ಓದಲು ಶುರು ಮಾಡುತ್ತಾನೆ. ಚಕ್ರವ್ಯೂಹದ ಬಗ್ಗೆ ಇರುವ ಕವಿತೆ. ಮೊದಲ ಸಾಲುಗಳನ್ನು ಹಗುರವಾಗಿ ಓದುತ್ತಾನೆ. ಓದುತ್ತಾ ಓದುತ್ತಾ ಇದು ತನ್ನದೇ ಕಥೆ ಅಂತ ಹೊಳೆಯುತ್ತದೆ. ದನಿ ಇಳಿಯುತ್ತದೆ, ಮುಖ ಬಿಗಿಯುತ್ತದೆ. ನಮಗೆ ಅಭಿಮನ್ಯು ಅಂದರೆ ಸಾಕು, ಗದುಗಿನ ನಾರಣಪ್ಪನ ದ್ರೋಣಪರ್ವ ನೆನಪಾಗುತ್ತದೆ. ಗಮಕಿಗಳು ಆ ಭಾಗ ಓದುವಾಗ ಸಭೆ ಹೇಗೆ ಉಸಿರು ಬಿಗಿಹಿಡಿಯುತ್ತದೋ, ಹಾಗೇ ಇದೆ ಈ ದೃಶ್ಯ. ಓಂ ಪುರಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು, ಕಾರ್ಲೋವಿ ವಾರಿ ಚಿತ್ರೋತ್ಸವದಲ್ಲೂ ಅತ್ಯುತ್ತಮ ನಟ ಅಂತ ಗೌರವ ಸಿಕ್ಕಿತು.

ನಡುವೆ ರಿಚರ್ಡ್ ಅಟೆನ್‌ಬರೋ ಅವರ ‘ಗಾಂಧಿ’ ಚಿತ್ರದಲ್ಲಿ ಮುಖ್ಯ ತಂಡದಿಂದ ಬೇರೆಯಾಗಿ ಶೂಟ್ ಮಾಡುವ ಎರಡನೇ ಘಟಕದ ಹೊಣೆ ಹೊತ್ತರು. ವಾಯುಪಡೆಯ ಬಗ್ಗೆ ‘ವಿಜೇತಾ’ ಮಾಡಿದರು. ಎಲ್‌ಕುಂಚವಾರ್ ಅವರ ನಾಟಕದಿಂದ ‘ಪಾರ್ಟಿ’, ಕಾರ್ಮಿಕ ಸಂಘಗಳ ಬಗ್ಗೆ ‘ಆಘಾತ್’ ಬಂದವು. ಮುಂದೆ ‘ದ್ರೋಹಕಾಲ್’, ‘ಹಜಾರ್ ಚೌರಾಸಿ ಕಿ ಮಾ’, ‘ದೇವ್’. ಎಲ್ಲವೂ ಒಂದೇ ಮಟ್ಟದಲ್ಲಿವೆ ಅಂತ ನಾನು ಹೇಳುವುದಿಲ್ಲ. ದೊಡ್ಡ ತಾರೆಯರನ್ನು ಹಾಕಿಕೊಂಡು ಮಾಡಿದ ಕೊನೆಕೊನೆಯ ಹಿಂದಿ ಚಿತ್ರಗಳಲ್ಲಿ ಮಾತು ಜಾಸ್ತಿ ಆಯಿತು ಅನ್ನೋದು ನನ್ನ ಅಭಿಪ್ರಾಯ. ‘ಪಾರ್ಟಿ’ಯನ್ನು ಮಾತ್ರ ಬಿಡಬೇಡಿ. ನೀವು ಸಾಹಿತ್ಯ ಸಮಾರಂಭಗಳಿಗೆ ಹೋಗುವವರಾದರೆ ಆ ಚಿತ್ರದ ಒಂದೊಂದು ಮುಖವೂ ನಿಮಗೆ ಪರಿಚಯದ್ದೇ ಅನ್ನಿಸುತ್ತದೆ.

ಈಗ ‘ತಮಸ್’ಗೆ ಬರುತ್ತೇನೆ. 1988ರ ಜನವರಿ. ದೂರದರ್ಶನ. ಭೀಷ್ಮ ಸಾಹ್ನಿಯವರ ಕಾದಂಬರಿ. ದೇಶ ವಿಭಜನೆಯ ಹೊತ್ತಿನ ಪಂಜಾಬಿನ ಒಂದು ಊರು. ಪ್ರಸಾರ ನಿಲ್ಲಿಸಬೇಕು ಅಂತ ಕೆಲವರು ಬಾಂಬೆ ಹೈಕೋರ್ಟಿಗೆ ಹೋದರು, ತಡೆಯೂ ಸಿಕ್ಕಿತು. ಆಮೇಲೆ ಇಬ್ಬರು ನ್ಯಾಯಮೂರ್ತಿಗಳು ಇಡೀ ಧಾರಾವಾಹಿಯನ್ನು ತಾವೇ ಕೂತು ನೋಡಿ ತಡೆ ತೆಗೆದರು. ಸುಪ್ರೀಂ ಕೋರ್ಟ್ ಕೂಡ ಪ್ರಸಾರಕ್ಕೆ ಅಡ್ಡಿಯಿಲ್ಲ ಅಂತು.

ಆಗ ನಾನು ಹೈಸ್ಕೂಲು. ನಮ್ಮ ಮನೆ ಮಲ್ಲೇಶ್ವರದಲ್ಲಿ. ಕಪ್ಪು ಬಿಳುಪು ಟಿವಿ. ಊಟ ಮುಗಿಸಿ ಎಲ್ಲರೂ ಚಾಪೆ ಹಾಸಿಕೊಂಡು ಕೂತಿದ್ದೆವು. ನಮ್ಮಜ್ಜಿಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಕೂತಿದ್ದರು.

ಮೊದಲ ದೃಶ್ಯ. ಕತ್ತಲು ಕೋಣೆ. ಸಣ್ಣ ದೀಪ. ಒಂದು ಹಂದಿ, ಒಬ್ಬ ಮನುಷ್ಯ. ಅವನು ಚರ್ಮದ ಕೆಲಸದ ನತ್ಥೂ, ಮತ್ತೆ ನಮ್ಮ ಓಂ ಪುರಿ. ದನದ ಡಾಕ್ಟರಿಗೆ ಬೇಕು ಅಂತ ಹೇಳಿ ಒಬ್ಬ ಕಂಟ್ರಾಕ್ಟರು ಐದು ರೂಪಾಯಿ ಕೊಟ್ಟು ಹಂದಿ ಕೊಲ್ಲಲು ಹೇಳಿದ್ದಾನೆ. ನತ್ಥೂಗೆ ಈ ಕೆಲಸ ಮಾಡಿ ಗೊತ್ತಿಲ್ಲ. ಹಂದಿ ಸಾಯುತ್ತಿಲ್ಲ. ಬೆವರುತ್ತಾನೆ, ಸುಸ್ತಾಗಿ ಕೂರುತ್ತಾನೆ, ಮತ್ತೆ ಏಳುತ್ತಾನೆ. ಕ್ಯಾಮರಾ ಆ ಕೋಣೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ನಮಗೂ ಹೊರಗೆ ಹೋಗಲು ದಾರಿ ಇಲ್ಲ. ಮಾರನೇ ದಿನ ಹಂದಿಯ ಹೆಣ ಮಸೀದಿಯ ಮೆಟ್ಟಿಲ ಮೇಲೆ ಸಿಗುತ್ತದೆ. ಊರು ಹೊತ್ತಿಕೊಳ್ಳುತ್ತದೆ. ಆದರೆ ಅದು ಆಮೇಲಿನ ಮಾತು. ಆ ಕೋಣೆಯಲ್ಲಿ ಇನ್ನೂ ಯಾರಿಗೂ ಏನೂ ಗೊತ್ತಿಲ್ಲ.

ಅಜ್ಜಿ ನನ್ನ ಭುಜ ಮುಟ್ಟಿ ಮೆಲ್ಲಗೆ ಹೇಳಿದರು: "ಅವನಿಗೆ ಮನಸ್ಸಿಲ್ಲ ಕಣೋ. ಯಾರೋ ಮಾಡಿಸ್ತಾ ಇದಾರೆ."

ಒಂದಕ್ಷರ ಹಿಂದಿ ಬರದವರು! ಇಡೀ ‘ತಮಸ್’ನ ತಿರುಳು ಅದೇ ಅಲ್ವಾ? ಆಗ ನನಗೆ ಅದು ಹೊಳೆಯಲಿಲ್ಲ. ಈಗ ಐವತ್ತು ದಾಟಿದ ಮೇಲೆ, ಯಾವ ಊರಲ್ಲಿ ಗಲಾಟೆ ಅಂತ ಸುದ್ದಿ ಓದಿದರೂ ಅಜ್ಜಿಯ ಆ ಮಾತು ಕಿವಿಯಲ್ಲಿ ಕೇಳಿಸುತ್ತದೆ.

ಇದೇ ಚಿತ್ರದಲ್ಲಿ ಊರು ಬಿಟ್ಟು ಹೋಗುವ ಒಂದು ಮುದಿ ಸಿಖ್ ದಂಪತಿ ಇದೆ. ಹೆಂಡತಿ ದೀನಾ ಪಾಠಕ್. ಗಂಡನ ಪಾತ್ರ ಮಾಡಿದವರು ಕಾದಂಬರಿ ಬರೆದ ಭೀಷ್ಮ ಸಾಹ್ನಿಯವರೇ. ಇಬ್ಬರೂ ತಮ್ಮ ಮನೆಗೆ ಬೀಗ ಹಾಕಿ, ಗಂಟು ಹಿಡಿದು ಕತ್ತಲಲ್ಲಿ ಹೊರಡುತ್ತಾರೆ. ಕ್ಯಾಮರಾದ ಹಿಂದೆ ಇದ್ದ ನಿರ್ದೇಶಕರೂ ಹಾಗೇ ಹೊರಟ ಒಂದು ಮನೆಯ ಮಗು.

ಮತ್ತೆ ಆ ಕ್ಯಾಮರಾ ಯಾರದು ಗೊತ್ತಾ? ಟೈಟಲ್ ಕಾರ್ಡ್ ಬಂದಾಗ ಕಣ್ಣಿಟ್ಟು ಓದಿ. ನಿಹಲಾನಿ ತಮ್ಮ ಬಾಲ್ಯದ ಕತ್ತಲನ್ನು ಸೆರೆಹಿಡಿಯಲು ಕರೆದದ್ದು ತಮ್ಮ ಗುರುವನ್ನು, ವಿ. ಕೆ. ಮೂರ್ತಿಯವರನ್ನು. ಆಗ ಮೂರ್ತಿಯವರಿಗೆ ಅರವತ್ತು ದಾಟಿತ್ತು. ಸ್ಟುಡಿಯೋದೊಳಗೆ ಬಿಸಿಲು ಇಳಿಸಿದ್ದ ಮನುಷ್ಯ, ಈ ಸಲ ಕತ್ತಲಿಗೆ ಎಷ್ಟು ಬೆಳಕು ಸಾಕು ಅಂತ ಅಳೆಯುತ್ತಾ ನಿಂತಿದ್ದರು. ಪಕ್ಕದಲ್ಲಿ ಒಂದು ಕಾಲದ ಅಸಿಸ್ಟೆಂಟು. ಶೇಷಾದ್ರಿ ರಸ್ತೆಯ ಒಂದೇ ಗೇಟಿನಿಂದ, ಬೇರೆ ಬೇರೆ ಕಾಲದಲ್ಲಿ ಹೊರಬಂದ ಇಬ್ಬರು.

ನಾನು ಇಲ್ಲಿಗೆ ನಿಲ್ಲಿಸುತ್ತೇನೆ. ಈಗ ‘ತಮಸ್’ನ ಆ ಮೊದಲ ಭಾಗ ಹಾಕುತ್ತಾರೆ. ಹಿಂದಿ ಬಾರದವರು ಚಿಂತೆ ಮಾಡಬೇಡಿ, ದೀಪ ನೋಡ್ತಾ ಇರಿ. ಹಿಂದೆ ಕೂತವರು ಯಾರಾದರೂ ಆ ಕಿಟಕಿಯ ಪರದೆ ಎಳೆದು, ಟ್ಯೂಬ್‌ಲೈಟ್ ಆರಿಸಿ.